ಬದುವಿನ ಕೇಸು ನೇರ ದೆಹಲಿಗೆ ಹೋಗುತ್ತಾ?

ಪ್ರಶ್ನೆ: ಪಕ್ಕದ ಜಮೀನಿನವರು ನಾವು ಬದು ಒತ್ತಿದ್ದೇವೆ ಅಂತ ದಾವೆ ಹಾಕಿದ್ದರು. ಮೂರು ಗುಂಟೆ ಬಿಟ್ಟುಕೊಡಿ ಎಂದು ತಾಲ್ಲೂಕಿನ ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಡಿಕ್ರಿ ಆಗಿದೆ. ಕಾವೇರಿ ಕೇಸಿನ ಹಾಗೆ ನಾವೂ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದಾ?
– ಓದುಗರೊಬ್ಬರು, ಮಂಡ್ಯ ಜಿಲ್ಲೆ

ಉತ್ತರ: ಆಗಲ್ಲ ಸ್ವಾಮಿ. ಕಾವೇರಿಯಲ್ಲೂ ಮೊದಲು ನೀರು ಹಂಚಿದ್ದು ನ್ಯಾಯಮಂಡಳಿ. ಅದು 1990ರಲ್ಲಿ ರಚನೆಯಾಗಿ, 2007ರಲ್ಲಿ ಅಂತಿಮ ತೀರ್ಪು ಕೊಟ್ಟಿತು. ಅದರ ಮೇಲಿನ ಅಪೀಲಿನಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಜಾಸ್ತಿ ಕೊಟ್ಟಿದ್ದು 2018ರಲ್ಲಿ. ರಾಜ್ಯಗಳೇ ಅಷ್ಟು ಕಾದಿವೆ!

ನಿಮ್ಮ ಅಪೀಲು ಹೋಗಬೇಕಾದ್ದು ಹಿರಿಯ ಸಿವಿಲ್ ಜಡ್ಜ್ ಕೋರ್ಟಿಗೆ. ನನ್ನ ಕೇಳಿದರೆ ನಿಮಗೆ ಮುಖ್ಯವಾದ ಮೆಟ್ಟಿಲು ಇದೇ. ಸಾಕ್ಷಿ ಏನು ಹೇಳಿದ, ಪಹಣಿಯಲ್ಲಿ ಏನಿದೆ, ಗಡಿ ಕಲ್ಲು ಎಲ್ಲಿತ್ತು ಎಂಬುದನ್ನೆಲ್ಲ ಅಲ್ಲಿ ಮತ್ತೆ ನೋಡುತ್ತಾರೆ. ಅಲ್ಲೂ ಸೋತರೆ ಹೈಕೋರ್ಟಿಗೆ ಎರಡನೇ ಅಪೀಲು ಹಾಕಬಹುದು. ಆದರೆ ಕಾನೂನಿನ ಗಟ್ಟಿ ಪ್ರಶ್ನೆ ಇದ್ದರೆ ಮಾತ್ರ ಅದನ್ನು ವಿಚಾರಣೆಗೆ ತೆಗೆದುಕೊಳ್ಳುತ್ತಾರೆ. ಕಲ್ಲು ಯಾರು ಕಿತ್ತರು ಅಂತ ಅಲ್ಲಿ ಹೊಸದಾಗಿ ಶುರು ಮಾಡೋಕಾಗಲ್ಲ. ಸುಪ್ರೀಂ ಕೋರ್ಟು ಅದಕ್ಕೂ ಆಚೆ. ಅಲ್ಲಿ ವಿಶೇಷ ಅನುಮತಿ ಕೇಳಬೇಕು, ಕೊಡಲೇಬೇಕು ಅಂತೇನಿಲ್ಲ.

ಈಗ ದಿನಗಳ ಲೆಕ್ಕ ನೋಡಿ. ಮೊದಲ ಅಪೀಲಿಗೆ ಡಿಕ್ರಿ ಆದ ದಿನದಿಂದ 30 ದಿನ. ತೀರ್ಪು, ಡಿಕ್ರಿಯ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟು, ಅದು ಸಿದ್ಧವಾಗುವವರೆಗಿನ ಸಮಯ ಇದರಲ್ಲಿ ಸೇರುವುದಿಲ್ಲ. ನಕಲಿನ ಮೇಲೆ ಒತ್ತಿರುವ ಸೀಲು ನೋಡಿ, ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ ಎರಡೂ ಇರುತ್ತವೆ. ಸಿದ್ಧವಾದ ಮೇಲೆ ನೀವು ಹೋಗದಿದ್ದರೆ ಆ ದಿನಗಳು ನಿಮ್ಮ ತಲೆಗೇ. ಶ್ರೀರಂಗಪಟ್ಟಣ ಕಡೆಯ ನನ್ನ ಕಕ್ಷಿದಾರರೊಬ್ಬರು ಕಬ್ಬು ಕಡಿಸೋದಿದೆ ಅಂತ 22 ದಿನ ನಕಲು ತಗೊಳ್ಳೋಕೇ ಬರಲಿಲ್ಲ. ಕೊನೆಗೆ ತಡ ಮನ್ನಿಸಿ ಎಂದು ಬೇರೆ ಅರ್ಜಿ ಹಾಕಿದೆವು. ಅಪೀಲಿಗಿಂತ ಆ ಅರ್ಜಿಗೇ ವಾಯಿದೆ ಮೇಲೆ ವಾಯಿದೆ! ಮೈಸೂರಿನಿಂದ ಬಸ್ಸು ಹತ್ತಿ ಓಡಾಡಿದ್ದು ನಾನು.

ಇನ್ನೊಂದು ವಿಷಯ. ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ. ಸ್ಟೇಗೆ ಬೇರೆ ಅರ್ಜಿ ಹಾಕಬೇಕು. ಅದಿಲ್ಲದೆ ಸುಮ್ನೆ ಕೂತರೆ, ಅಪೀಲು ನಡೆಯುತ್ತಿರುವಾಗಲೇ ಪಕ್ಕದವರು ಅಮಲ್ಜಾರಿ (ಕೋರ್ಟಿನ ಮೂಲಕ ಡಿಕ್ರಿ ಜಾರಿ) ತಂದು ಬೇಲಿ ಹಾಕಿಕೊಳ್ಳಬಹುದು.

ಕೋರ್ಟ್ ಕಮಿಷನರ್ ಬಂದು ಅಳತೆ ಮಾಡಿದ್ದರೆ ಅವರ ವರದಿ, ಸ್ಕೆಚ್ಚು ಎರಡರ ನಕಲನ್ನೂ ತೀರ್ಪಿನ ಜೊತೆಗೇ ಕೇಳಿ. ವಕೀಲರ ಹತ್ತಿರ ಹೋಗುವಾಗ ಮೊದಲು ಆ ಸ್ಕೆಚ್ಚನ್ನೇ ಬಿಚ್ಚಿ ತೋರಿಸಿ.