ಮಂಗಳಾರತಿ ತಟ್ಟೆ ಬರುವ ಹೊತ್ತಿಗೆ

ಶಿವಮೊಗ್ಗದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂಬ ಷರತ್ತಿನೊಂದಿಗೆ, ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಹಳೆಯ ಷೇರ್‌ವೇರ್ ತಂತ್ರಾಂಶಗಳನ್ನು ನೆನೆದು ನೀವು ಕಣ್ಣೊರೆಸಿಕೊಂಡದ್ದು ನೋಡಿ ನಗು ಬಂತು. 1990ರ ಸುಮಾರಿಗೆ ಸಹಕಾರ ಸಂಘವೊಂದರ ಕಚೇರಿಯಲ್ಲಿ ನಾನೂ ಅವನ್ನೆಲ್ಲ ಫ್ಲಾಪಿಯಿಂದ ಫ್ಲಾಪಿಗೆ ನಕಲು ಮಾಡಿ ಬಳಸಿದವನೇ. ಯಾರಿಗೂ ಒಂದು ಪೈಸೆ ಕೊಟ್ಟಿಲ್ಲ. ತಾನಾಗಿಯೇ ಊರಿಗೆಲ್ಲ ಹಂಚಿ, ಆಮೇಲೆ 'ಇಷ್ಟವಾದರೆ ಹಣ ಕಳುಹಿಸಿ' ಎಂದು ಕೈ ಚಾಚುವುದು ವ್ಯಾಪಾರವೋ, ಭಿಕ್ಷೆಯೋ? ಅಂದ ಹಾಗೆ, ಪಕ್ಕದ ಮನೆಯವರು ತರಿಸುವ ನಿಮ್ಮ ಪತ್ರಿಕೆಯನ್ನು ಹತ್ತು ವರ್ಷಗಳಿಂದ ಒಂದು ಸಂಚಿಕೆಯನ್ನೂ ಬಿಡದೆ ಓದುತ್ತಿದ್ದೇನೆ."

ಷೇರ್‌ವೇರ್ ಎಂದರೆ ಮೊದಲು ಬಳಸಿ ನೋಡಿ, ಹಿಡಿಸಿದರೆ ಹಣ ಕೊಡಿ ಎಂದು ಹಂಚುವ ತಂತ್ರಾಂಶ. ಪತ್ರದ ಕೊನೆಯ ವಾಕ್ಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ನಿಮ್ಮ ಪರವಾಗಿ ಹೇಳಬೇಕಾದ ಮಾತನ್ನು ಹೇಳಿಬಿಡುತ್ತೇನೆ, ಅದು ಹೆಚ್ಚೇನೂ ಇಲ್ಲ. ಆ ದಿನಗಳಲ್ಲಿ ಇಲ್ಲಿಂದ ಅಮೆರಿಕಕ್ಕೆ ಹಣ ಕಳುಹಿಸುವುದು ಸುಲಭವಿರಲಿಲ್ಲ. ವಿದೇಶಿ ವಿನಿಮಯದ ಕಾನೂನು ಬಿಗಿಯಾಗಿತ್ತು. ಸರಕು, ಸೇವೆಗಳ ಪಾವತಿಯಂಥ ವ್ಯವಹಾರಗಳಿಗೆ ರೂಪಾಯಿಯನ್ನು ವಿದೇಶಿ ಹಣಕ್ಕೆ ಬದಲಾಯಿಸಿಕೊಳ್ಳುವ ದಾರಿ ತೆರೆದದ್ದೇ 1994ರಲ್ಲಿ. ಸಹಕಾರ ಸಂಘದ ಗುಮಾಸ್ತರೊಬ್ಬರು ಡಾಲರ್ ಎಲ್ಲಿಂದ ತರಬೇಕಿತ್ತು? ಒಪ್ಪಿದೆ. ಆದರೆ ನಿಮ್ಮ ಪತ್ರದಲ್ಲಿ "ಕೊಡಲು ಆಗಲಿಲ್ಲ" ಎಂಬ ಮಾತೇ ಇಲ್ಲವಲ್ಲ! "ಯಾಕೆ ಕೊಡಬೇಕು" ಎಂದು ಕೇಳಿದ್ದೀರಿ. ಜಗಳ ಇರುವುದು ಅಲ್ಲಿ.

ಭಿಕ್ಷೆ ಎಂದಿರಿ. ನೀವು ಮಲೆನಾಡಿನವರು, ಹರಿಕಥೆ ಕೇಳಿಯೇ ಇರುತ್ತೀರಿ. ಬಾಗಿಲಲ್ಲಿ ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಮೂರು ಗಂಟೆ ಕಥೆ ಕೇಳಿ, ನಕ್ಕು, ಅತ್ತ ಮೇಲೆ ಮಂಗಳಾರತಿ ತಟ್ಟೆ ಬರುತ್ತದೆ. ಇದ್ದವರು ಐದು ಹಾಕುತ್ತಾರೆ, ಇಲ್ಲದವರು ಚಿಲ್ಲರೆ ಕಾಸು ಹಾಕಿ ಆರತಿ ತೆಗೆದುಕೊಳ್ಳುತ್ತಾರೆ. ಆ ದಾಸರನ್ನು ಯಾರಾದರೂ ಭಿಕ್ಷುಕರು ಎನ್ನುತ್ತಾರೆಯೇ? ಆದರೆ ತಟ್ಟೆ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಚಪ್ಪಲಿ ಹುಡುಕಲು ಏಳುವವರು ಕೆಲವರಿರುತ್ತಾರೆ. ಅವರಿಗೇನು ಹೆಸರು ಎಂಬುದನ್ನು ನಿಮಗೇ ಬಿಡುತ್ತೇನೆ.

ಈ ಷೇರ್‌ವೇರ್ ಹುಟ್ಟಿದ್ದೂ ಹೀಗೆಯೇ. 1982ರಲ್ಲಿ ಕ್ಯಾಲಿಫೋರ್ನಿಯಾದ ಆಂಡ್ರ್ಯೂ ಫ್ಲೂಗೆಲ್‌ಮನ್ ದೂರವಾಣಿ ತಂತಿಯ ಮೂಲಕ ಕಡತ ಕಳುಹಿಸುವ 'ಪಿಸಿ-ಟಾಕ್' ಬರೆದರು. ಅವರೂ ಪತ್ರಿಕಾ ಸಂಪಾದಕರು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ನಕಲು ಮಾಡಿ ಹಂಚಿರಿ, ಉಪಯೋಗಕ್ಕೆ ಬಂದರೆ 25 ಡಾಲರ್ ಕಳುಹಿಸಿರಿ ಎಂದು ಅದರಲ್ಲೇ ಬರೆದಿಟ್ಟರು. ಅಲ್ಲಿನ ಸಾರ್ವಜನಿಕ ಟಿವಿ ವಾಹಿನಿ ನೋಡುಗರಿಂದ ವಂತಿಗೆ ಕೇಳುವ ರೀತಿಯಿಂದ ಹೊಳೆದ ಉಪಾಯ ಅದು. ಅದೇ ವರ್ಷ, ಅವರ ಪರಿಚಯವೇ ಇಲ್ಲದ ಐಬಿಎಂ ನೌಕರ ಜಿಮ್ ನಾಫ್ ತಮ್ಮ ಚರ್ಚಿನ ಸದಸ್ಯರ ವಿಳಾಸದ ಚೀಟಿಗಳನ್ನು ಮುದ್ರಿಸಲು ಬರೆದುಕೊಂಡಿದ್ದ ತಂತ್ರಾಂಶವನ್ನು ಇದೇ ರೀತಿ ಹಂಚುತ್ತಿದ್ದರು. ನಾಫ್ ಎಂದರೆ ಜರ್ಮನ್ ಭಾಷೆಯಲ್ಲಿ ಗುಂಡಿ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ 'ಜಿಮ್ ಬಟನ್' ಆದರು. ಇಬ್ಬರಿಗೂ ಪರಿಚಯವಾದ ಮೇಲೆ ಪೈಪೋಟಿಗೆ ನಿಲ್ಲಲಿಲ್ಲ. ಒಬ್ಬರ ತಂತ್ರಾಂಶದಲ್ಲಿ ಇನ್ನೊಬ್ಬರದನ್ನು ಹೊಗಳಿ ಬರೆದರು, ಬೆಲೆಯನ್ನೂ ಒಂದೇ ಮಾಡಿಕೊಂಡರು. 1984ರಲ್ಲಿ ಬಟನ್ ಐಬಿಎಂ ಕೆಲಸ ಬಿಟ್ಟರು. ಆಗ ಅಂಚೆಯಲ್ಲಿ ಬರುತ್ತಿದ್ದ ಹಣ ಸಂಬಳದ ಹತ್ತು ಪಟ್ಟಾಗಿತ್ತು ಎಂದು ಅವರೇ ಬರೆದುಕೊಂಡಿದ್ದಾರೆ. ಭಿಕ್ಷೆ ಬೇಡಿ ಐಬಿಎಂ ಬಿಟ್ಟವರನ್ನು ನಾನಂತೂ ಕಂಡಿಲ್ಲ.

ಇನ್ನೂ ಸೊಗಸಾದವರು ಬಾಬ್ ವ್ಯಾಲೇಸ್. ಮೈಕ್ರೋಸಾಫ್ಟಿನ ಒಂಬತ್ತನೆಯ ನೌಕರರಾಗಿದ್ದವರು, 1983ರಲ್ಲಿ ಹೊರಬಂದು 'ಪಿಸಿ-ರೈಟ್' ಎಂಬ ಬರವಣಿಗೆಯ ತಂತ್ರಾಂಶ ಮಾಡಿದರು. 75 ಡಾಲರ್ ಕೊಟ್ಟು ನೋಂದಾಯಿಸಿಕೊಂಡವರಿಗೆ ಒಂದು ಸಂಖ್ಯೆ ಕೊಡುತ್ತಿದ್ದರು. ಅವರ ಪ್ರತಿಯನ್ನು ನಕಲು ಮಾಡಿಕೊಂಡವರು ನೋಂದಾಯಿಸಿಕೊಂಡರೆ ಮೊದಲಿನವರಿಗೆ 25 ಡಾಲರ್ ಪಾಲು. ನಕಲು ಮಾಡುವವನನ್ನು ಕಳ್ಳನೆಂದು ಬೈಯದೆ ಏಜೆಂಟನನ್ನಾಗಿ ಮಾಡಿಕೊಂಡ ಬುದ್ಧಿ ನೋಡಿ!

ಈಗ ನನ್ನ ಕಥೆ. 1989ರಲ್ಲಿ ನಾನು ಉಪಸಂಪಾದಕನಾಗಿದ್ದ ಸಣ್ಣ ಪತ್ರಿಕೆಗೆ ಒಂದು ಪಿಸಿ ಬಂತು. ಅದುವರೆಗೆ ಚಂದಾದಾರರ ವಿಳಾಸಗಳನ್ನು ಇಬ್ಬರು ಹುಡುಗರು ಪ್ರತಿ ತಿಂಗಳು ಮೂರು ದಿನ ಕೂತು ಕೈಯಲ್ಲಿ ಬರೆಯುತ್ತಿದ್ದರು. ಗೆಳೆಯರೊಬ್ಬರು ಐದೂಕಾಲು ಇಂಚಿನ ಎರಡು ಫ್ಲಾಪಿಗಳಲ್ಲಿ ಇದೇ ಬಟನ್ ಅವರ ಆ ವಿಳಾಸದ ತಂತ್ರಾಂಶ 'ಪಿಸಿ-ಫೈಲ್' ತಂದುಕೊಟ್ಟರು. ಹಾರ್ಡ್ ಡಿಸ್ಕಿನಲ್ಲಿ 'ಯುಟಿಲ್' ಎಂಬ ಡೈರೆಕ್ಟರಿ ಮಾಡಿ, ಎಲ್ಲವನ್ನೂ ಅಲ್ಲಿಗೆ ನಕಲಿಸಿ, ಯಂತ್ರ ಶುರುವಾದಾಗ ಮೊದಲು ಓದುವ ಆಟೋಎಕ್ಸೆಕ್ ಕಡತದಲ್ಲಿ ಅದರ ಪಾತ್, ಅಂದರೆ ತಂತ್ರಾಂಶವನ್ನು ಎಲ್ಲಿ ಹುಡುಕಬೇಕೆಂಬ ವಿಳಾಸ, ಬರೆದೆ. ಮರುದಿನ ಲೆಕ್ಕದ ಗುಮಾಸ್ತರ ತಂತ್ರಾಂಶ ಏಳಲೇ ಇಲ್ಲ. ಏನು ಒತ್ತಿದರೂ 'ಬ್ಯಾಡ್ ಕಮಾಂಡ್ ಆರ್ ಫೈಲ್ ನೇಮ್', ಅಂದರೆ ಆದೇಶವೋ ಕಡತದ ಹೆಸರೋ ತಪ್ಪು ಎಂಬ ದೂರು. ಹಳೆಯ ಪಾತ್ ಮುಂದೆ ಒಂದು ಅರ್ಧವಿರಾಮ ಹಾಕಿ ಹೊಸದನ್ನು ಸೇರಿಸುವ ಬದಲು ನಾನು ಹಳೆಯದನ್ನೇ ಅಳಿಸಿಬಿಟ್ಟಿದ್ದೆ. ಅರ್ಧವಿರಾಮ ತಪ್ಪಿದರೆ ಅನ್ನ ತಪ್ಪುತ್ತದೆ ಎಂದು ಯಾವ ವ್ಯಾಕರಣ ಪುಸ್ತಕವೂ ನನಗೆ ಹೇಳಿರಲಿಲ್ಲ.

ಸರಿಪಡಿಸಿದ ಮೇಲೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರುಗುಟ್ಟುತ್ತ ಪಿನ್ ಕೋಡ್ ಕ್ರಮದಲ್ಲಿ ಚೀಟಿಗಳನ್ನು ಉಗುಳತೊಡಗಿತು. ಮೂರು ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಕನ್ನಡ ಅಕ್ಷರ ಬರುತ್ತಿರಲಿಲ್ಲ, ನಮ್ಮ ಹೊಸಹಳ್ಳಿ, ಹಳೇಹಳ್ಳಿಗಳೆಲ್ಲ ಇಂಗ್ಲಿಷಿನಲ್ಲೇ ಹೋಗಬೇಕಿತ್ತು, ಅದು ಬೇರೆ ಸಂಕಟ.

ಹಣ ಕಟ್ಟಲು ಬ್ಯಾಂಕಿಗೆ ಹೋದೆ. ಡಾಲರಿಗೆ ಆಗ 16 ರೂಪಾಯಿಯ ಆಸುಪಾಸು. ಕೌಂಟರಿನಲ್ಲಿದ್ದವರು ಫ್ಲಾಪಿಯೊಳಗಿಂದ ಮುದ್ರಿಸಿ ತಂದ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸಾಮಾನು ಯಾವಾಗ ಬರುತ್ತದೆ?" ಎಂದರು. "ಬಂದಾಗಿದೆ, ಬಳಸುತ್ತಿದ್ದೇವೆ" ಎಂದೆ. "ಮತ್ತೆ ಹಣ ಯಾಕೆ?" ಎಂದರು. ಸ್ವಾಮಿ, ನಿಮ್ಮ ಪತ್ರ ಓದಿದಾಗ ನನಗೆ ಕೇಳಿಸಿದ್ದು ಅದೇ ದನಿ. ಕೊನೆಗೆ ಮೂರು ವರ್ಷದ ಮೇಲೆ, ಅಮೆರಿಕದಲ್ಲಿದ್ದ ದೊಡ್ಡಪ್ಪನ ಮಗ ನನ್ನ ಪರವಾಗಿ ಚೆಕ್ ಬರೆದ. ಅಷ್ಟರಲ್ಲಿ ನಾನು ಆ ಪತ್ರಿಕೆಯನ್ನೇ ಬಿಟ್ಟಿದ್ದೆ.

ನಮ್ಮವರ ವಿಷಯಕ್ಕೂ ಬರೋಣ. 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ' ಎಂಬ ಕನ್ನಡ ಬೆರಳಚ್ಚಿನ ತಂತ್ರಾಂಶವನ್ನು ಕನ್ನಡಿಗರ ಕೈಗೆ ಪುಕ್ಕಟೆಯಾಗಿ ಇಟ್ಟರು. ಆಹ್ವಾನ ಪತ್ರಿಕೆ, ಪ್ರಶ್ನೆಪತ್ರಿಕೆ, ಕವನ ಸಂಕಲನ, ಎಲ್ಲ ಅದರಲ್ಲೇ ಅಚ್ಚಾದವು. ಮುಂದೆ ಹೊಸ ಆವೃತ್ತಿಗೆ ಬೆಲೆ ಇಟ್ಟಾಗ, ಅದೇ ಬರಹದಲ್ಲಿ ಐದು ಪುಸ್ತಕ ಮಾಡಿಕೊಂಡವರೊಬ್ಬರು "ಛೆ, ಅವರೂ ವ್ಯಾಪಾರಕ್ಕಿಳಿದರು" ಎಂದು ನನ್ನ ಮೇಜಿನ ಮುಂದೆಯೇ ಮರುಗಿದರು. ಅವರ ಪುಸ್ತಕಗಳಿಗೆ ಬೆಲೆ ಇತ್ತು, ನಾನೇ ಕೊಂಡಿದ್ದೇನೆ. ವಿನ್‌ರಾರ್ ಎಂಬ ಕಡತ ಕುಗ್ಗಿಸುವ ತಂತ್ರಾಂಶವನ್ನು 40 ದಿನ ಪರೀಕ್ಷಿಸಲು ಕೊಡುತ್ತಾರೆ. ನಮ್ಮ ಕಚೇರಿಯ ಒಂದು ಯಂತ್ರದಲ್ಲಿ ಆ 40 ದಿನ ಹದಿಮೂರು ವರ್ಷದಿಂದ ನಡೆಯುತ್ತಿತ್ತು. ಹೋದ ವಾರ, ನಿಮ್ಮ ಪತ್ರದ ಉರಿಯಲ್ಲೇ ಅದಕ್ಕೆ ಹಣ ಕಟ್ಟಿಸಿದೆ.

ಈಗ ನೋಡಿ, ನಂಬಿ ಕೊಡುವ ಕಾಲ ಮುಗಿದಿದೆ. ಪತ್ರ ಬರೆಯುವ ತಂತ್ರಾಂಶಕ್ಕೂ ತಿಂಗಳ ಬಾಡಿಗೆ, ಚಿತ್ರ ತಿದ್ದುವುದಕ್ಕೂ ತಿಂಗಳ ಬಾಡಿಗೆ. ಕಾರ್ಡಿನಿಂದ ಹಣ ತಾನಾಗಿಯೇ ಹೋಗುತ್ತದೆ, ತಪ್ಪಿದರೆ ಬಾಗಿಲು ಮುಚ್ಚುತ್ತದೆ. ಅದಕ್ಕೆ ಯಾರೂ ಭಿಕ್ಷೆ ಎನ್ನುವುದಿಲ್ಲ. ತಟ್ಟೆ ಹಿಡಿದವರಿಗೆ ಕೊಡದವರು ಬೀಗ ಹಾಕಿದವರಿಗೆ ತೆಪ್ಪಗೆ ಕೊಡುತ್ತಿದ್ದಾರೆ. ನಮ್ಮ ಪತ್ರಿಕೆಯೂ ಅಂಗಡಿಗೆ ಬಂದ ಸಂಜೆಯೇ ಯಾರೋ ಪುಣ್ಯಾತ್ಮರು ಅದನ್ನು ಪುಟಪುಟ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹರಿಯಬಿಡುತ್ತಾರೆ. "ಅದ್ಭುತ ಲೇಖನ, ಎಲ್ಲರಿಗೂ ತಲುಪಿಸಿ" ಎಂಬ ಶಿಫಾರಸಿನೊಂದಿಗೆ ಅದು ನನಗೇ ಮೂರು ಸಲ ಬರುತ್ತದೆ. ಲೇಖಕರ ಸಂಭಾವನೆಯ ಚೆಕ್ಕು ಮಾತ್ರ ಒಂದೇ ಸಲ ಹೋಗಬೇಕು, ಅದೂ ತಡವಾಗಿ.

ಇನ್ನು ನಿಮ್ಮ ಕೊನೆಯ ವಾಕ್ಯ. ಹತ್ತು ವರ್ಷ, ತಿಂಗಳಿಗೊಂದರಂತೆ 120 ಸಂಚಿಕೆ. ಇಷ್ಟು ಶ್ರದ್ಧೆಯ ಓದುಗರು ನಮಗೆ ಹೆಚ್ಚು ಮಂದಿ ಇಲ್ಲ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ವ್ಯಾಲೇಸ್ ಅವರ ಲೆಕ್ಕದಲ್ಲಿ ನೀವು ಚಂದಾ ಕಟ್ಟಿದರೆ ಅದರಲ್ಲಿ ಮೂರನೆಯ ಒಂದು ಪಾಲು ನಿಮ್ಮ ಪಕ್ಕದ ಮನೆಯವರಿಗೆ ಸೇರಬೇಕು. ನಮ್ಮ ವ್ಯವಸ್ಥಾಪಕರು ಅದಕ್ಕೆ ಒಪ್ಪಿದ್ದಾರೆ. ಚಂದಾ ಅರ್ಜಿ 64ನೆಯ ಪುಟದಲ್ಲಿದೆ. ಕತ್ತರಿಸುವ ಮೊದಲು ಅವರನ್ನೊಂದು ಮಾತು ಕೇಳಿ, ಪ್ರತಿ ಅವರದಲ್ಲವೇ?