ಓದುಗರ ಪ್ರಶ್ನೆ: ಸುಟ್ಟ ಪೀಪಾಯಿಯ ರಮ್ಮಿನಲ್ಲಿ ಹೊಗೆ, ಒಗರು

ಪ್ರಶ್ನೆ: ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪ ಮಾರ್ಟಿನಿಕ್ಕಿನ ರಮ್ ಉಡುಗೊರೆಯಾಗಿ ಬಂದಿದೆ. ವಿಎಸ್ಒಪಿ (ಎಷ್ಟು ಮಾಗಿದೆ ಎಂದು ಹೇಳುವ ದರ್ಜೆ), ಆಲ್ಕೋಹಾಲ್ ಶೇ. 45, ಚೆನ್ನಾಗಿ ಸುಟ್ಟ ಓಕ್ ಪೀಪಾಯಿಯಲ್ಲಿ ಮಾಗಿಸಿದ್ದಂತೆ. ಐಸ್ ಹಾಕಿ ಕುಡಿದರೆ ಬರೀ ಹೊಗೆ, ಒಗರು. ಕೆಟ್ಟಿದೆಯೇ?
– ಓದುಗರು, ಮೈಸೂರು

ಉತ್ತರ: ರಮ್ ಕೆಟ್ಟಿಲ್ಲ, ಐಸ್ ಕೆಡಿಸಿದೆ. ತಣ್ಣಗಾದರೆ ಪರಿಮಳ ಏಳುವುದಿಲ್ಲ, ಒಗರೊಂದೇ ನಾಲಿಗೆಗೆ ಸಿಗುತ್ತದೆ.

ನಮ್ಮಲ್ಲಿ ಸಿಗುವ ರಮ್ ಬಹುಪಾಲು ಕಾಕಂಬಿಯದು. ಮಾರ್ಟಿನಿಕ್‌ನ ಅಗ್ರಿಕೋಲ್ ರಮ್ ಕಬ್ಬಿನಹಾಲನ್ನೇ ಹುಳಿಸಿ ಬಟ್ಟಿ ಇಳಿಸಿದ್ದು. 1996ರಿಂದ ಅದಕ್ಕೆ ಫ್ರಾನ್ಸಿನ ಎಒಸಿ ಮಾನ್ಯತೆ, ಅಂದರೆ ಊರು ಮತ್ತು ತಯಾರಿಕೆಯ ವಿಧಾನವನ್ನು ಖಾತ್ರಿಪಡಿಸುವ ಮುದ್ರೆ, ಇದೆ. ವಿಎಸ್ಒಪಿ ಎಂದು ಬರೆಯಬೇಕಾದರೆ ಮರದಲ್ಲಿ ಕನಿಷ್ಠ 4 ವರ್ಷ ಇರಬೇಕು.

ಬಾಯಿ ಕಿರಿದಾದ ಗ್ಲಾಸಿಗೆ 30 ಮಿ.ಲೀ. ಸುರಿದು ಹತ್ತು ನಿಮಿಷ ಬಿಡಿ. ವೈನಿನಂತೆ ಗಿರಗಿರ ತಿರುಗಿಸಬೇಡಿ, ಆಲ್ಕೋಹಾಲ್ ಘಾಟು ಮೂಗಿಗೆ ಹೊಡೆಯುತ್ತದೆ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ತುಸು ತೆರೆದು, ನಿಧಾನಕ್ಕೆ ಮೇಲೆ ತನ್ನಿ. ಮೊದಲು ಹಸಿ ಕಬ್ಬಿನ ಸಿಪ್ಪೆ, ಆಮೇಲೆ ವೆನಿಲ್ಲಾ, ಕೊನೆಗೆ ಆಲೆಮನೆಯ ಕೊಪ್ಪರಿಗೆಯಲ್ಲಿ ತಳ ಹಿಡಿಯುವ ಹೊತ್ತಿನ ಬೆಲ್ಲದ ವಾಸನೆ. ಮೊದಲ ಗುಟುಕು ನಾಲಿಗೆ ಒಗ್ಗಿಸಲು ಮಾತ್ರ. ಅದರಿಂದ ತೀರ್ಪು ಕೊಡಬೇಡಿ. ಎರಡನೆಯದನ್ನು ಹತ್ತು ಸೆಕೆಂಡ್ ಬಾಯಲ್ಲಿ ಆಡಿಸಿ.

ಇನ್ನು ನೀರು. 30 ಮಿ.ಲೀ.ಗೆ ಅರ್ಧ ಟೀ ಚಮಚ ಸಾಕು, ಶೇ. 45 ಇದ್ದದ್ದು ಸುಮಾರು 41.5ಕ್ಕೆ ಇಳಿದು ಅಡಗಿದ್ದ ಹಣ್ಣಿನ ವಾಸನೆ ಬಿಚ್ಚಿಕೊಳ್ಳುತ್ತದೆ. ಪೂರ್ತಿ ಚಮಚ ಹಾಕಿದರೆ 38.6, ಆಗಲೇ ನೀರುನೀರು. ಬೋರ್‌ವೆಲ್ಲಿನ ಗಡಸು ನೀರಂತೂ ಬೇಡ.

ಹೊಗೆ, ಒಗರು ಎರಡಕ್ಕೂ ಬೆಂಕಿಯನ್ನೇ ದೂರುವವರು ಬಹಳ. ಅದು ಅರ್ಧ ಸರಿ. ಅಮೆರಿಕದ ಕೂಪರ್‌ಗಳ (ಪೀಪಾಯಿ ಮಾಡುವವರ) ಲೆಕ್ಕದಲ್ಲಿ ನಾಲ್ಕನೇ ದರ್ಜೆಯ ಸುಡುವಿಕೆ ಎಂದರೆ ಸುಮಾರು 55 ಸೆಕೆಂಡ್ ಉರಿ. ಒಳಮೈ ಮೊಸಳೆ ಚರ್ಮದಂತೆ ಬಿರಿಯುತ್ತದೆ. ಆ ಇದ್ದಲು ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಅದರ ಹಿಂದಿನ ಕೆಂಪು ಪದರದಲ್ಲಿ ಮರದ ಸಕ್ಕರೆ ಕರಗಿ ಕಂದಿರುತ್ತದೆ, ಕ್ಯಾರಮೆಲ್ ರುಚಿ ಅಲ್ಲಿಯದು. ಹೊಗೆ, ಲವಂಗದ ವಾಸನೆ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಸುಟ್ಟು ಒಡೆದದ್ದರಿಂದ. ಬಾಯಿ ಎಳೆಯುವ ಒಗರು ಮಾತ್ರ ಮರದಲ್ಲೇ ಇರುವ ಟ್ಯಾನಿನ್ ಎಂಬ ಒಗರು ಅಂಶದ್ದು. ಉರಿ ಮೇಲ್ಪದರದ ಟ್ಯಾನಿನ್ನನ್ನು ಸುಟ್ಟು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಹೊಸ ಪೀಪಾಯಿ, ಸೆಕೆಯ ಊರು, ಜಾಸ್ತಿ ವರ್ಷ ಸೇರಿದಾಗ ಒಗರು ಏರುತ್ತದೆ. ನೀರು ಹಾಕಿದ ಮೇಲೂ ನೇರಳೆಹಣ್ಣು ತಿಂದಂತೆ ನಾಲಿಗೆ ಒಣಗಿದರೆ ಮರದಲ್ಲಿ ಅತಿಯಾಗಿ ಇಟ್ಟಿದ್ದಾರೆಂದೇ ಅರ್ಥ.

ಪ್ರಶ್ನೆ: ಬಣ್ಣ ಕಪ್ಪಾದಷ್ಟೂ ಹಳೆಯ ರಮ್ ಅಲ್ಲವೇ?
– ಓದುಗರು, ಬೆಳಗಾವಿ

ಉತ್ತರ: ಅಲ್ಲ. ಕ್ಯಾರಮೆಲ್ ಬಣ್ಣ ಸೇರಿಸಿ ಒಂದೇ ದಿನದಲ್ಲಿ ಕಪ್ಪು ಮಾಡಬಹುದು. ಸಕ್ಕರೆ ಬೆರಕೆಯೂ ಉಂಟು: ಯುರೋಪಿನ ನಿಯಮದಲ್ಲೇ ಲೀಟರಿಗೆ 20 ಗ್ರಾಂವರೆಗೆ ಸಿಹಿ ಸೇರಿಸಲು ಅವಕಾಶವಿದೆ. ಎರಡು ಹನಿ ಅಂಗೈಗೆ ಉಜ್ಜಿ ಒಣಗಲು ಬಿಡಿ. ಅಂಟಂಟಾದರೆ ಸಿಹಿ ಬೆರೆಸಿರುವ ಸಾಧ್ಯತೆ ಹೆಚ್ಚು. ಕುಡಿದ ಗ್ಲಾಸನ್ನು ತೊಳೆಯದೆ ಬೆಳಗಿನವರೆಗೆ ಇಟ್ಟು ಮೂಸಿ ನೋಡಿ. ಆಲ್ಕೋಹಾಲ್ ಆರಿಹೋಗಿ ಮರದ ವಾಸನೆಯಷ್ಟೇ ಉಳಿದಿರುತ್ತದೆ.