‘ಗಂಡ ಇಲ್ಲದವಳಿಗೆ ಆ ಪರೀಕ್ಷೆ ಯಾಕೆ?’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ‘ಚಿ ಹಾಯ್’ ಎಂದು ಕರೆಯುತ್ತೇನೆ. ದಕ್ಷಿಣ ವಿಯೆಟ್ನಾಮಿನವರ ಮಾತಿನಲ್ಲಿ ಹಿರಿಯಕ್ಕ ಎಂದರ್ಥ. ವಯಸ್ಸು 58. ಹದಿಹರೆಯದಲ್ಲಿ ದೋಣಿ ಹತ್ತಿ ದೇಶ ಬಿಟ್ಟವರು. ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಉಗುರು ಅಲಂಕಾರದ ಸಲೂನಿನಲ್ಲಿ ಕೆಲಸ. ಗಂಡ ತೀರಿಕೊಂಡು ಒಂಬತ್ತು ವರ್ಷ. ಗರ್ಭಕಂಠ ಕ್ಯಾನ್ಸರಿನ ತಪಾಸಣೆ ಒಮ್ಮೆಯೂ ಆಗಿಲ್ಲ. ಎರಡು ಸಲ ಗೊತ್ತುಮಾಡಿದ ದಿನಕ್ಕೆ ಬಂದಿರಲಿಲ್ಲ. ಹಳೆಯ ಕ್ಲಿನಿಕ್ಕಿನ ಕಡತದಲ್ಲಿ ‘ಸಹಕರಿಸುವುದಿಲ್ಲ’ ಎಂದು ಬರೆದಿತ್ತು. ಓದಿ ಮನಸ್ಸಿಗೆ ನೋವಾಯಿತು.

ಮೊದಲ ಭೇಟಿಯಲ್ಲಿ ಮಗಳೇ ದುಭಾಷಿ. ತಾಯಿ ಎರಡು ನಿಮಿಷ ಮಾತಾಡಿದರು. ಮಗಳು, “ನಾಚಿಕೆಯಂತೆ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಅಸಿಟೋನಿಗೆ ಬಿರುಕುಬಿಟ್ಟ ಬೆರಳುಗಳಿಂದ ಚಿ ಹಾಯ್ ನನ್ನ ಚೀಟಿಯನ್ನು ಮಡಿಸುತ್ತಾ ಮಡಿಸುತ್ತಾ ಕಡಲೆಕಾಳಿನಷ್ಟು ಮಾಡಿದ್ದರು.

ಮುಂದಿನ ಸಲ ಮಗಳನ್ನು ಹೊರಗೆ ಕೂರಿಸಿ, ಫೋನಿನಲ್ಲಿ ಬೇರೆ ರಾಜ್ಯದ ದುಭಾಷಿಯನ್ನು ಕರೆದೆ. ಇದು ಬೇಕೆಂದೇ ಮಾಡಿದ್ದು. ವಿಯೆಟ್ನಾಂ ಬಿಟ್ಟರೆ ವಿಯೆಟ್ನಾಮಿಗಳು ಅತಿ ಹೆಚ್ಚು ಇರುವ ನಗರ ಇದು. ಊರಿನ ದುಭಾಷಿಯಾದರೆ ದನಿಯಲ್ಲೇ ಗುರುತು ಹತ್ತೀತು. ಆಗ ಮಾತು ಹೊರಬಂತು. “ಗಂಡ ಇಲ್ಲದವಳಿಗೆ ಆ ಪರೀಕ್ಷೆ ಯಾಕೆ? ನೋಡಿದವರು ಏನಂದುಕೊಂಡಾರು?” ಸ್ವಲ್ಪ ತಡೆದು, “ಮೇಲಿನವನು ಯಾರನ್ನು ಕೂಗುತ್ತಾನೋ ಅವರು ಓಗೊಡಬೇಕು” ಎಂದರು. ಅದು ಅವರ ಗಾದೆ. ಆ ನಂಬಿಕೆಯನ್ನು ಹಿಡಿದುಕೊಂಡೇ ಕಡಲು ದಾಟಿದವರ ಎದುರು ಅದನ್ನು ಅಲ್ಲಗಳೆಯುವುದು ನನ್ನ ಕೆಲಸವಲ್ಲ.

ಹೇಳಿದ್ದು ಇಷ್ಟೇ: ಈ ಕ್ಯಾನ್ಸರಿಗೆ ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಸ್. ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ತಗಲಬಹುದು, ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಇರಬಹುದು. ಇದು ನಡತೆಯ ಪರೀಕ್ಷೆಯಲ್ಲ. ಅವರ ಭಾಷೆಯಲ್ಲಿ ಗರ್ಭಕಂಠಕ್ಕೆ ‘ಕೊ ತು ಕುಂಗ್’ ಎನ್ನುತ್ತಾರೆ, ಮಗುವಿನ ಅರಮನೆಯ ಕೊರಳು ಎಂದು. ನಮ್ಮಲ್ಲೂ ಕಂಠವೇ ಎಂದಾಗ ಮೊದಲ ಬಾರಿ ಮುಖ ನೋಡಿ ನಕ್ಕರು.

ಆಮೇಲಿನ ಮಾತು ನನ್ನಿಂದಾಗುವುದಲ್ಲ, ಅವರವರೇ ಆಡಬೇಕಾದದ್ದು. 1988–92ರ ಅಂಕಿಗಳಲ್ಲಿ ಅಮೆರಿಕದ ವಿಯೆಟ್ನಾಮಿ ಹೆಂಗಸರಲ್ಲಿ ಈ ಕ್ಯಾನ್ಸರ್ ಲಕ್ಷಕ್ಕೆ 43 ಇತ್ತು, ಬಿಳಿಯ ಹೆಂಗಸರ ಸುಮಾರು ಐದು ಪಟ್ಟು. ಆಮೇಲೆ ಈ ಊರಿರುವ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಸಮುದಾಯದ ಸಂಘಗಳೂ ವಿಶ್ವವಿದ್ಯಾಲಯದವರೂ ಕೈಜೋಡಿಸಿ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ, ಆ ಸಮುದಾಯದ ಹೆಂಗಸರಿಗೇ ತರಬೇತಿ ಕೊಟ್ಟರು. ಒಮ್ಮೆಯೂ ಪರೀಕ್ಷೆ ಮಾಡಿಸದಿದ್ದವರಲ್ಲಿ, ಬರೀ ರೇಡಿಯೋ-ಪತ್ರಿಕೆಯ ಪ್ರಚಾರ ತಲುಪಿದ ಕಡೆ ನೂರಕ್ಕೆ 27 ಮಂದಿ ಮಾಡಿಸಿಕೊಂಡರೆ, ಈ ಹೆಂಗಸರೂ ಕೂತು ಮಾತಾಡಿದ ಕಡೆ 46 ಮಂದಿ. 2007ರಲ್ಲಿ ಪ್ರಕಟವಾದ ಲೆಕ್ಕ. ಅದನ್ನು ನಂಬಿ, ಅಂಥದೇ ತರಬೇತಿ ಪಡೆದ ಒಬ್ಬರನ್ನು, ಚಿ ಹಾಯ್ ಒಪ್ಪಿದ ಮೇಲೆ, ಅವರ ಮನೆಗೆ ಕಳಿಸಿದೆ.

ಆಕೆ ಚೀಲದಲ್ಲಿ ಪ್ಲಾಸ್ಟಿಕ್ಕಿನ ಸ್ಪೆಕ್ಯುಲಮ್, ಅಂದರೆ ಗರ್ಭಕಂಠ ನೋಡಲು ಒಳಗಿಟ್ಟು ಅಗಲಿಸುವ ಸಾಧನ, ಒಯ್ದಿದ್ದರು. ಚಿ ಹಾಯ್ ಅದನ್ನು ನಾಲ್ಕೈದು ಸಲ ತೆರೆದು ಮುಚ್ಚಿ, “ಇಷ್ಟೇನಾ? ಕಬ್ಬಿಣದ್ದು ಅಂದುಕೊಂಡಿದ್ದೆ” ಎಂದರಂತೆ. ಅದೂ ಬೇಡವೆಂದರೆ, 2024ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕ ಇನ್ನೊಂದು ದಾರಿಯಿದೆ: ಕ್ಲಿನಿಕ್ಕಿನ ಕೋಣೆಯ ಬಾಗಿಲು ಹಾಕಿಕೊಂಡು, ಎಚ್‌ಪಿವಿ ಪರೀಕ್ಷೆಗೆ ಬೇಕಾದ ಮಾದರಿಯನ್ನು ತಾವೇ ಹತ್ತಿಕಡ್ಡಿಯಲ್ಲಿ ತೆಗೆದುಕೊಡಬಹುದು. ವೈರಸ್ ಕಂಡರೆ ಮಾತ್ರ ವೈದ್ಯೆ ಒಳಗೆ ನೋಡಲೇಬೇಕು. ಇದನ್ನು ಮುಚ್ಚಿಡಬಾರದು, ಮೊದಲೇ ಹೇಳಿದೆ. ವಿಮೆ ಇಲ್ಲದ ಸಲೂನಿನ ಗೆಳತಿಯರಿಗಾಗಿ, ಕಡಿಮೆ ವರಮಾನದವರಿಗೆ ವಲಸೆಯ ಕಾಗದ ಕೇಳದೆ ಪುಕ್ಕಟೆ ತಪಾಸಣೆ ಮಾಡಿಸುವ ರಾಜ್ಯದ ‘ಎವ್ರಿ ವುಮನ್ ಕೌಂಟ್ಸ್’ ಯೋಜನೆಯ ಚೀಟಿಯನ್ನೂ ಕೊಟ್ಟೆ.

ಮಗಳಿಗೆ ಹೇಳಿದ್ದು ಬೇರೆ. “ಅಮ್ಮನ ಕಾಳಜಿ ಮಾಡು, ಅಮ್ಮನ ಬಾಯಾಗಬೇಡ. ಮಕ್ಕಳ ಎದುರು ತಾಯಿ ಈ ಮಾತು ಆಡಲಾರಳು. ‘ನನಗೋಸ್ಕರ ಮಾಡಿಸು’ ಅಂತ ಕಣ್ಣೀರು ಹಾಕಿದರೆ ಒಂದು ಸಲ ಬರುತ್ತಾರೆ, ಎರಡನೆಯ ಸಲ ಬರುವುದಿಲ್ಲ.”

ಮೂರನೆಯ ತಿಂಗಳಲ್ಲಿ ಚಿ ಹಾಯ್ ತಾವೇ ಮಾದರಿ ಕೊಟ್ಟರು. ವೈರಸ್ ಇರಲಿಲ್ಲ. ಮೂರು ವರ್ಷಕ್ಕೆ ಮತ್ತೆ ಬರಬೇಕು. ಫಲಿತಾಂಶ ಕೇಳಿ ಅವರು ಮಗಳ ಕಡೆ ತಿರುಗಿ ಏನೋ ಕೇಳಿದರು. ಮಗಳು ತಲೆ ತಗ್ಗಿಸಿದಳು. ದುಭಾಷಿ ಹೇಳಿದರು: “ನಿನ್ನದು ಆಗಿದೆಯಾ ಅಂತ ಕೇಳುತ್ತಿದ್ದಾರೆ.”

ಅವಳಿಗೆ 31. ಇಷ್ಟು ದಿನ ನಾನೂ ಕೇಳಿರಲಿಲ್ಲ. ಮುಂದಿನ ಮಂಗಳವಾರಕ್ಕೆ ಅವಳ ಹೆಸರು ಬರೆಸಿದೆವು. ತಾಯಿ ಜೊತೆಗೆ ಬರುತ್ತಾರೆ.